ಸಂಸಾರಸ್ಥನ ದೂರದ ಬೈಕ್ ಸವಾರಿ: ಹಾಸನದಿಂದ ಹೊರಡುವವರಿಗೆ ಒಂದು ಮಾರ್ಗದರ್ಶಿ

ಮದುವೆಯಾಗಿ, ಮಕ್ಕಳಾಗಿ, ತಿಂಗಳ ಮೊದಲ ವಾರವೇ ಸಾಲದ ಕಂತು ಕಟ್ಟುವ ಗಂಡಸು ಬೈಕ್ ಹತ್ತಿ ಮುನ್ನೂರು ಕಿಲೋಮೀಟರ್ ಹೋಗಿಬರ್ತೀನಿ ಅಂದರೆ ನಮ್ಮ ಕಡೆ ಮೊದಲು ಕೇಳಿಬರುವ ಮಾತು: "ಯಾಕೆ, ಬಸ್ಸಿಲ್ವಾ?"

ಬಸ್ಸಿದೆ, ರೈಲೂ ಇದೆ. ಆದರೆ ಬೈಕಿನ ಮೇಲೆ ಕೂತಾಗ ಕಣ್ಣು, ಕಿವಿ, ಕೈ, ಕಾಲು ಎಲ್ಲಕ್ಕೂ ಒಟ್ಟಿಗೆ ಕೆಲಸ ಬೀಳುತ್ತದೆ. ಸ್ಕೂಲ್ ಫೀಸು, ಆಫೀಸಿನ ಒತ್ತಡ, ಅಮ್ಮನ ಬಿಪಿ ಮಾತ್ರೆ ಯಾವುದಕ್ಕೂ ಆ ಹೊತ್ತಿನಲ್ಲಿ ತಲೆಯಲ್ಲಿ ಜಾಗ ಇರುವುದಿಲ್ಲ. ಮುಂದಿನ ತಿರುವು, ಅದರ ಮುಂದಿನ ತಿರುವು, ಅಷ್ಟೇ. ಹಾಸನದವರಿಗೆ ಇನ್ನೊಂದು ಭಾಗ್ಯವೂ ಇದೆ. ಅರಸೀಕೆರೆ ಕಡೆ ಹೊರಟರೆ ತೆಂಗಿನ ತೋಟ, ರಾಗಿ ಹೊಲ. ಸಕಲೇಶಪುರದ ಕಡೆ ತಿರುಗಿದರೆ ಒಂದು ಗಂಟೆಯಲ್ಲಿ ಕಾಫಿ, ಮೆಣಸು. ಘಾಟಿ ಇಳಿದರೆ ಮಧ್ಯಾಹ್ನಕ್ಕೆ ಕುಚ್ಚಲಕ್ಕಿ ಅನ್ನ. ಬಯಲುಸೀಮೆ, ಮಲೆನಾಡು, ಕರಾವಳಿ ಮೂರನ್ನೂ ಒಂದೇ ಹಗಲಿನಲ್ಲಿ ಮೈಗೆ ತಾಗಿಸಿಕೊಂಡು ರಾತ್ರಿ ಊಟಕ್ಕೆ ಮನೆಗೆ ಬರಬಹುದು. ಮಾರ್ಚ್‌–ಏಪ್ರಿಲ್‌ನಲ್ಲಿ ಹೂಮಳೆ ಬಿದ್ದು ಎಂಟು–ಹತ್ತು ದಿನಕ್ಕೆ ಕಾಫಿ ಅರಳುತ್ತದೆ. ಆಗ ಬೇಲೂರಿನಿಂದ ಮೂಡಿಗೆರೆಗೆ ಬೆಳಿಗ್ಗೆ ಹೊತ್ತು ಒಮ್ಮೆ ಹೋಗಿ ಬನ್ನಿ. ಹೆಲ್ಮೆಟ್ ಒಳಗೂ ಆ ವಾಸನೆ ಬರುತ್ತದೆ.

ಈ ಸುಖ ವರ್ಷಕ್ಕೊಮ್ಮೆ ಜಗಳವಾಡಿ ಪಡೆಯುವಂಥದ್ದಾಗಬಾರದು, ವರ್ಷಾನುವರ್ಷ ಉಳಿಯಬೇಕು. ಅದಕ್ಕೆ ತಯಾರಿ ಮನೆಯೊಳಗಿಂದ ಶುರುವಾಗಬೇಕು. ಗಾಡಿಯ ಸರದಿ ಆಮೇಲೆ.

ಮೊದಲು ಗೋಡೆಯ ಕ್ಯಾಲೆಂಡರ್

ಅಡುಗೆಮನೆಯ ಗೋಡೆಗೆ ತೂಗುಹಾಕಿರುವ ಕ್ಯಾಲೆಂಡರ್ ಇಳಿಸಿಕೊಂಡು ಹೆಂಡತಿಯ ಜೊತೆ ಕೂತುಕೊಳ್ಳಿ. ಮಕ್ಕಳ ಪರೀಕ್ಷೆ, ನೆಂಟರ ಮದುವೆ, ಗೌರಿ–ಗಣೇಶ, ಪಿತೃಪಕ್ಷ, ಊರ ಹಬ್ಬ, ಅಪ್ಪ–ಅಮ್ಮನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗುವ ದಿನ, ಎಲ್ಲವನ್ನೂ ಮೊದಲು ಗುರುತು ಮಾಡಿ. ಉಳಿದದ್ದರಲ್ಲಿ ನಿಮ್ಮ ದಿನ ಹುಡುಕಿ. ಹಾಸನಾಂಬೆ ಬಾಗಿಲು ತೆರೆಯುವ ದಿನಗಳಲ್ಲಿ ಮನೆ ತುಂಬ ನೆಂಟರು, ಊರ ತುಂಬ ವಾಹನ. ಆ ವಾರವನ್ನು ಬಿಟ್ಟೇಬಿಡಿ.

ಹಿಂದಿನ ರಾತ್ರಿ ಬ್ಯಾಗು ಕಟ್ಟುತ್ತಾ "ನಾಳೆ ಹೋಗ್ತಿದ್ದೀನಿ" ಅನ್ನುವವರನ್ನು ನೋಡಿದ್ದೇನೆ. ನಾನು ಅದನ್ನು ಒಪ್ಪುವುದಿಲ್ಲ. ನೀವು ರಸ್ತೆಯಲ್ಲಿರುವ ಹನ್ನೆರಡು ಗಂಟೆ ಮನೆಯ ಕೆಲಸವೆಲ್ಲ ಇನ್ನೊಬ್ಬರ ತಲೆ ಮೇಲೆ ಬೀಳುತ್ತದೆ. ಅದಕ್ಕೆ ಸಮನಾದ ಒಂದು ದಿನ ಅವರಿಗೂ ಸಿಗಬೇಕು. ಈ ಭಾನುವಾರ ನಿಮ್ಮದಾದರೆ ಮುಂದಿನ ಭಾನುವಾರ ಅವರದು: ತವರಿಗೆ ಹೋಗಲಿ, ಗೆಳತಿಯರ ಜೊತೆ ಹೋಗಲಿ, ಸುಮ್ಮನೆ ಮಲಗಲಿ. ಅವತ್ತು ಒಲೆಯೂ ಮಕ್ಕಳೂ ನಿಮ್ಮ ಪಾಲು. ಇದು ಬಾಯಿಮಾತಲ್ಲಿ ಉಳಿಯದೆ ಕ್ಯಾಲೆಂಡರಿನಲ್ಲಿ ಬರೆದಿರಲಿ.

ಫೋನಿನ ವಿಷಯವನ್ನೂ ಅಲ್ಲೇ ತೀರ್ಮಾನಿಸಿ. ಓಡಿಸುವಾಗ ಫೋನ್ ಎತ್ತುವುದಿಲ್ಲ, ನಿಂತ ಕಡೆಯಿಂದಲೇ ಮಾತಾಡುವುದು. ವಾಟ್ಸಾಪ್‌ನಲ್ಲಿ ಲೈವ್ ಲೊಕೇಶನ್ 8 ಗಂಟೆಗೆ ಇಟ್ಟರೆ ಹಗಲಿನ ಬಹುಪಾಲು ಆಯಿತು. ಆದರೆ ಶಿರಾಡಿ, ಚಾರ್ಮಾಡಿ, ಕುದುರೆಮುಖದ ಕಾಡಿನಲ್ಲಿ ಸಿಗ್ನಲ್ ಇಲ್ಲದ ಜಾಗಗಳಿವೆ. ಇದನ್ನು ಮೊದಲೇ ಹೇಳಿಡಿ: "ಕೊಟ್ಟಿಗೆಹಾರ ಬಿಟ್ಟಮೇಲೆ ಒಂದೂವರೆ ಗಂಟೆ ನಾನು ಸಿಗಲ್ಲ, ಉಜಿರೆಗೆ ಹೋಗಿ ಫೋನ್ ಮಾಡ್ತೀನಿ." ಹೀಗೆ ಹೇಳಿದ್ದರೆ ಚುಕ್ಕಿ ನಿಂತಲ್ಲೇ ನಿಂತಿದ್ದರೂ ಮನೆಯಲ್ಲಿ ಯಾರಿಗೂ ಎದೆ ಹೊಡೆದುಕೊಳ್ಳುವುದಿಲ್ಲ. ಹೇಳಿದ ಹೊತ್ತಿಗೆ ಫೋನ್ ಮಾಡಲೇಬೇಕು. ಮುಂದಿನ ಸವಾರಿಗೆ ಮನೆಯಲ್ಲಿ ಒಪ್ಪಿಗೆ ಸಿಗುವುದು ಈ ಒಂದು ಅಭ್ಯಾಸದಿಂದ.

ಕಾಗದ ಮತ್ತು ದುಡ್ಡು

ಇದನ್ನು ಬೇಸರದ ಕೆಲಸ ಎಂದು ಹಾರಿಸಬೇಡಿ. ನಲವತ್ತರ ಆಸುಪಾಸಿನವರು ಮೊದಲು ಲೈಸೆನ್ಸ್ ತೆಗೆದು ದಿನಾಂಕ ನೋಡಿ. ಕಾಲೇಜು ದಿನಗಳಲ್ಲಿ ಮಾಡಿಸಿದ ಹಳೆಯ ಲೈಸೆನ್ಸಿನ ಅವಧಿ 20 ವರ್ಷ. ಎಷ್ಟೋ ಜನರದ್ದು ಗೊತ್ತೇ ಆಗದೆ ಮುಗಿದಿರುತ್ತದೆ. ಬೈಕಿಗೆ 15 ವರ್ಷವಾಗಿದ್ದರೆ ಆರ್‌ಸಿ ನವೀಕರಣವೂ ಆಗಬೇಕು. ವಿಮೆಯಲ್ಲಿ ಮಾಲೀಕ–ಚಾಲಕನಿಗೆ 15 ಲಕ್ಷ ರೂಪಾಯಿಯ ವೈಯಕ್ತಿಕ ಅಪಘಾತ ವಿಮೆ ಇದೆಯೇ ನೋಡಿಕೊಳ್ಳಿ. ಚಾಲ್ತಿಯಲ್ಲಿರುವ ಲೈಸೆನ್ಸ್ ಇಲ್ಲದಿದ್ದರೆ ಆ ವಿಮೆ ನಿಮ್ಮ ಮನೆಯವರ ಕೈಗೆ ಬರುವುದಿಲ್ಲ. ಹಿಂದೆ ಕೂರುವವರು ಅದರಲ್ಲಿ ಸೇರುವುದಿಲ್ಲ, ಅವರಿಗೆ ಬೇರೆಯಾಗಿ ಸೇರಿಸಿಕೊಳ್ಳಬೇಕು. ನಾಮಿನಿ ಹೆಸರು ಸರಿಯಿದೆಯೇ, ಪಾಲಿಸಿ ಎಲ್ಲಿಟ್ಟಿದ್ದೀರಿ ಎಂಬುದು ಹೆಂಡತಿಗೆ ಗೊತ್ತಿರಬೇಕು. ಇಂಥ ಮಾತು ಅಪಶಕುನ ಅನ್ನುವವರಿದ್ದಾರೆ. ಸಂಸಾರ ಇರುವವನು ಇದನ್ನು ಮಾತಾಡದೆ ಹೊರಡುವುದು ತಪ್ಪು ಎಂದೇ ನಾನು ನಂಬಿದ್ದೇನೆ.

ಖರ್ಚಿನ ಲೆಕ್ಕ ಸುಲಭ. ಲೀಟರಿಗೆ 35 ಕಿ.ಮೀ. ಕೊಡುವ ಗಾಡಿಯಾದರೆ 250 ಕಿ.ಮೀ. ಸುತ್ತಿಗೆ ಸುಮಾರು 7 ಲೀಟರ್ ಪೆಟ್ರೋಲ್. ರಾಷ್ಟ್ರೀಯ ಹೆದ್ದಾರಿಯಲ್ಲಿ ದ್ವಿಚಕ್ರ ವಾಹನಕ್ಕೆ ಟೋಲ್ ಇಲ್ಲ. ತಿಂಡಿ, ಊಟ, ಕಾಫಿ ಸೇರಿಸಿ. ಇದರ ಜೊತೆ ಚೈನ್, ಟೈರ್, ಆಯಿಲ್‌ನ ಸವೆತಕ್ಕೆ ಪೆಟ್ರೋಲ್ ಖರ್ಚಿನ ಅರ್ಧದಷ್ಟು ಬೇರೆ ಎತ್ತಿಡಿ. ಮನೆ ಖರ್ಚಿನಿಂದ ಕದ್ದುಮುಚ್ಚಿ ತೆಗೆಯುವ ಬದಲು ತಿಂಗಳಿಗಿಷ್ಟು ಎಂದು ಪ್ರತ್ಯೇಕ ಖಾತೆಗೆ ಹಾಕುತ್ತಾ ಬಂದರೆ ಯಾರಿಗೂ ಉತ್ತರ ಕೊಡಬೇಕಿಲ್ಲ.

ಗಾಡಿ

ದೂರ ಹೋಗಲು ದೊಡ್ಡ ಗಾಡಿಯೇ ಬೇಕು ಎಂಬ ಮಾತನ್ನು ನಂಬಬೇಡಿ. ನಿಮ್ಮ ಹತ್ತಿರ ಸ್ಪ್ಲೆಂಡರ್ ಇದ್ದರೆ ಅದರಲ್ಲೇ ಶುರು ಮಾಡಿ. ಅದರ ವೇಗಕ್ಕೆ ತಕ್ಕಂತೆ ದೂರ ಇಟ್ಟುಕೊಂಡರಾಯಿತು. ಬುಲೆಟ್ಟೋ ಹಿಮಾಲಯನ್ನೋ ಮುಂದೆ ನೋಡಿಕೊಳ್ಳಬಹುದು, ಈ ಆಸೆ ನಿಜವಾಗಿಯೂ ನಿಮ್ಮಲ್ಲಿ ನಿಲ್ಲುತ್ತದೆಯೇ ಎಂದು ಗೊತ್ತಾದ ಮೇಲೆ.

ಹೊರಡುವ ಒಂದು ವಾರ ಮೊದಲು ಸರ್ವೀಸ್ ಮಾಡಿಸಿ, ಹಿಂದಿನ ದಿನ ಬೇಡ. ಹೊಸದಾಗಿ ಹಾಕಿದ ಬ್ರೇಕ್ ಪ್ಯಾಡ್, ಕೇಬಲ್ ಊರೊಳಗೆ ನಾಲ್ಕು ದಿನ ಓಡಿ ಸರಿಹೋಗಲಿ. ಮೆಕ್ಯಾನಿಕ್ ಹತ್ತಿರ ಗಾಡಿ ಬಿಟ್ಟು ಮನೆಗೆ ಬರಬೇಡಿ, ಪಕ್ಕದಲ್ಲಿ ನಿಂತು ನೋಡಿ. "ಅಣ್ಣ, ಚೈನ್ ಲೂಸ್ ಎಷ್ಟಿರಬೇಕು, ನಾನೇ ಟೈಟ್ ಮಾಡೋದು ಹೇಗೆ ತೋರಿಸಿ" ಎಂದರೆ ಖುಷಿಯಿಂದ ಹೇಳಿಕೊಡುತ್ತಾರೆ. ಮುಚ್ಚಿದ ಚೈನ್ ಕೇಸ್ ಇಲ್ಲದ ಗಾಡಿಗೆ ಪ್ರತಿ 500 ಕಿ.ಮೀ.ಗೆ ಚೈನ್ ಲ್ಯೂಬ್ ಬೇಕು, ಮಳೆಯಲ್ಲಿ ನೆಂದರೆ ಅವತ್ತೇ. ಗಾಳಿ ಎಷ್ಟಿರಬೇಕು ಎಂಬುದು ಗಾಡಿಯ ಮೇಲಿನ ಸ್ಟಿಕ್ಕರ್‌ನಲ್ಲೋ ಪುಸ್ತಕದಲ್ಲೋ ಒಬ್ಬರಿಗೆ ಒಂದು, ಇಬ್ಬರಿಗೆ ಇನ್ನೊಂದು ಎಂದು ಬರೆದಿರುತ್ತದೆ. ಟೈರ್ ತಣ್ಣಗಿರುವಾಗ, ಬೆಳಿಗ್ಗೆ ಹೊರಡುವ ಮುನ್ನ ನೋಡಿಸಿ. ಟ್ಯೂಬ್‌ಲೆಸ್ ಆದರೆ ಪಂಚರ್ ಕಿಟ್ ಮತ್ತು ಸಣ್ಣ ಪಂಪು ಸಾಕು. ಟ್ಯೂಬ್ ಇರುವ ಟೈರಾದರೆ ಎರಡೂ ಗಾಲಿಗೆ ಒಂದೊಂದು ಹೊಸ ಟ್ಯೂಬು ಬ್ಯಾಗಿನಲ್ಲಿರಲಿ. ಘಾಟಿಯಲ್ಲಿ ಪಂಚರ್ ಅಂಗಡಿ ಇರುವುದಿಲ್ಲ, ದಾರಿಹೋಕರ ಕೈಯಲ್ಲಿ ನಿಮ್ಮ ಅಳತೆಯ ಟ್ಯೂಬೂ ಇರುವುದಿಲ್ಲ. ಕ್ಲಚ್ ಕೇಬಲ್, ಫ್ಯೂಸು, ಗಾಡಿಯ ಟೂಲ್ ಕಿಟ್, ಟಾರ್ಚ್ ಇದ್ದರೆ ಉಳಿದದ್ದನ್ನು ಮುಂದಿನ ಊರಿನಲ್ಲಿ ನೋಡಿಕೊಳ್ಳಬಹುದು.

ಮೈಮೇಲಿನದು: ಐಎಸ್‌ಐ ಗುರುತಿರುವ, ಗಲ್ಲ ಮುಚ್ಚುವ ಪೂರ್ತಿ ಹೆಲ್ಮೆಟ್, ಭುಜ, ಮೊಣಕೈ, ಬೆನ್ನಿಗೆ ಪ್ಯಾಡ್ ಇರುವ ಜಾಕೆಟ್, ಕೈಗವಸು, ಕಣಕಾಲು ಮುಚ್ಚುವ ಬೂಟು. ದುಡ್ಡು ಕಡಿಮೆಯಿದ್ದರೆ ಇದೇ ಕ್ರಮದಲ್ಲಿ ಕೊಳ್ಳಿ. ಚಪ್ಪಲಿಯಲ್ಲಿ ಹೊರಡಬೇಡಿ.

ದೂರವನ್ನು ಗಂಟೆಯಲ್ಲಿ ಅಳೆಯಿರಿ

ಮ್ಯಾಪಿನಲ್ಲಿ ಕಾಣುವ ಕಿಲೋಮೀಟರಿಗೆ ಮಲೆನಾಡಿನಲ್ಲಿ ಅರ್ಥ ಕಡಿಮೆ. ಅರಸೀಕೆರೆ ರಸ್ತೆಯಲ್ಲಿ ಗಂಟೆಗೆ ಸರಾಸರಿ 50 ಕಿ.ಮೀ. ಸಿಗಬಹುದು. ಘಾಟಿ, ಕಾಫಿ ತೋಟದ ರಸ್ತೆಗಳಲ್ಲಿ 35 ಸಿಕ್ಕರೆ ಹೆಚ್ಚು. ಊಟ–ತಿಂಡಿ ಬಿಟ್ಟು ದಿನಕ್ಕೆ ಆರು ಗಂಟೆ ಸವಾರಿ, ಅದೂ ಬೆಳಕಿರುವಾಗ. ಇದೇ ನನ್ನ ಲೆಕ್ಕ. ಒಂದೂವರೆ ಗಂಟೆಗೊಮ್ಮೆ ಇಳಿದು ನಡೆದಾಡಿ, ನೀರು ಕುಡಿಯಿರಿ. ಬಾಯಾರಿಕೆಯಾಗುವವರೆಗೆ ಕಾಯಬೇಡಿ, ಹೆಲ್ಮೆಟ್ ಒಳಗೆ ಗಾಳಿ ಆಡುವುದರಿಂದ ಬೆವರಿದ್ದೂ ತಿಳಿಯುವುದಿಲ್ಲ.

ಮೊದಲ ಸುತ್ತು ಬಯಲಿನದಾಗಿರಲಿ: ಹಾಸನ, ಬೇಲೂರು, ಚಿಕ್ಕಮಗಳೂರು, ಕಡೂರು, ಬಾಣಾವರ, ಅರಸೀಕೆರೆ, ಮತ್ತೆ ಹಾಸನ. ಸುಮಾರು 180 ಕಿ.ಮೀ. ಬೆಳಿಗ್ಗೆ ಆರಕ್ಕೆ ಹೊರಟರೆ ಮಧ್ಯಾಹ್ನದ ಊಟಕ್ಕೆ ಮನೆಯಲ್ಲಿರುತ್ತೀರಿ. ಈ ಸುತ್ತಿನಲ್ಲಿ ದೊಡ್ಡ ದೃಶ್ಯಗಳೇನೂ ಇಲ್ಲ, ಅದೇ ಒಳ್ಳೆಯದು. ಬೆನ್ನು ಎಲ್ಲಿ ನೋಯುತ್ತದೆ, ಅಂಗೈ ಯಾವಾಗ ಜೋಮು ಹಿಡಿಯುತ್ತದೆ, ಗಾಡಿ ಎಷ್ಟು ಕುಡಿಯುತ್ತದೆ, ಇವೆಲ್ಲ ತಿಳಿಯುವುದು ಇಲ್ಲಿಯೇ. ಅಂಗೈ ಜೋಮು ಹಿಡಿದರೆ ಹ್ಯಾಂಡಲ್ ಬಿಗಿಯಾಗಿ ಹಿಡಿದಿದ್ದೀರಿ ಎಂದು ಅರ್ಥ. ಮಂಡಿಯಿಂದ ಟ್ಯಾಂಕನ್ನು ಒತ್ತಿ ಹಿಡಿದು ಕೈ ಸಡಿಲ ಬಿಡಿ.

ಎರಡನೆಯದು ಎರಡು ಘಾಟಿಗಳ ಸುತ್ತು. ಬೇಲೂರು, ಮೂಡಿಗೆರೆ, ಕೊಟ್ಟಿಗೆಹಾರ ಹಾದು ಚಾರ್ಮಾಡಿ ಇಳಿದು ಉಜಿರೆ, ಧರ್ಮಸ್ಥಳ. ಅಲ್ಲಿ ದರ್ಶನ, ಊಟ. ಪೆರಿಯಶಾಂತಿಯ ಹತ್ತಿರ ಹೆದ್ದಾರಿ ಸೇರಿ ಗುಂಡ್ಯ, ಶಿರಾಡಿ ಹತ್ತಿ ಸಕಲೇಶಪುರ, ಹಾಸನ. ಸುಮಾರು 250 ಕಿ.ಮೀ. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿನ್ನದೆ ಘಾಟಿ ಇಳಿಯುವುದು ನನ್ನ ಮಟ್ಟಿಗೆ ಅಪೂರ್ಣ ಸವಾರಿ. ಇದೇ ದಿಕ್ಕಿನಲ್ಲಿ ಹೋಗಿ ಎನ್ನುವುದಕ್ಕೆ ಕಾರಣವಿದೆ. ಲಾರಿಗಳ ಗದ್ದಲವಿರುವ ಶಿರಾಡಿಯನ್ನು ಹತ್ತುವುದು ಇಳಿಯುವುದಕ್ಕಿಂತ ಸುಲಭ, ಮೈ ಸುಸ್ತಾಗಿರುವ ಮಧ್ಯಾಹ್ನದ ಹೊತ್ತಿಗೆ ಸುಲಭದ್ದೇ ಉಳಿದಿರಬೇಕು.

ಆಮೇಲೆ ಒಂದು ರಾತ್ರಿ ತಂಗುವ ಸವಾರಿ: ಚಿಕ್ಕಮಗಳೂರು, ಬಾಳೆಹೊನ್ನೂರು, ಶೃಂಗೇರಿ. ಮರುದಿನ ಕಳಸ, ಹೊರನಾಡು, ಕೊಟ್ಟಿಗೆಹಾರದ ಮೇಲೆ ವಾಪಸು. ಶೃಂಗೇರಿಯಿಂದ ಆಗುಂಬೆಗೂ ಹೋಗಿ 14 ತಿರುವುಗಳ ಘಾಟಿಯನ್ನು ನೋಡಿಬರಬಹುದು. ಇದು ದಕ್ಕಿದ ಮೇಲೆ ಹಂಪಿ. ಅರಸೀಕೆರೆ, ಹುಳಿಯಾರು, ಹಿರಿಯೂರು, ಚಿತ್ರದುರ್ಗದ ಮೇಲೆ ಹೊಸಪೇಟೆಗೆ ಮುನ್ನೂರು ಕಿ.ಮೀ. ದಾಟುತ್ತದೆ. ಹೋಗಲು ಒಂದು ದಿನ, ನೋಡಲು ಒಂದು ದಿನ, ಬರಲು ಒಂದು ದಿನ. ಊಟಿ ಕಡೆ ಹೋಗುವವರಿಗೆ ಬಂಡೀಪುರದ ರಸ್ತೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿರುತ್ತದೆ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ಪಥಕ್ಕೆ 2023ರ ಆಗಸ್ಟ್‌ನಿಂದ ಬೈಕಿಗೆ ಪ್ರವೇಶವಿಲ್ಲ, ಸರ್ವೀಸ್ ರಸ್ತೆಯೇ ಗತಿ. ಸಮಯದ ಲೆಕ್ಕಕ್ಕೆ ಇದನ್ನು ಸೇರಿಸಿಕೊಳ್ಳಿ.

ಲಡಾಖ್ ಎಲ್ಲರ ಕನಸು. ರಜೆ ಕಡಿಮೆ ಇರುವವರು ಬೈಕನ್ನು ಬೆಂಗಳೂರಿನಿಂದ ದೆಹಲಿಗೆ ರೈಲ್ವೆ ಪಾರ್ಸೆಲ್‌ನಲ್ಲಿ ಕಳಿಸಿ ಅಲ್ಲಿಂದ ಶುರು ಮಾಡಬಹುದು. ಟ್ಯಾಂಕಿನ ಪೆಟ್ರೋಲ್ ಪೂರ್ತಿ ಖಾಲಿ ಮಾಡಿರಬೇಕು. ಲೇಹ್ ಇರುವುದು 3,500 ಮೀಟರ್ ಎತ್ತರದಲ್ಲಿ. ಅಲ್ಲಿ ಎರಡು ದಿನ ಸುಮ್ಮನಿದ್ದು ಮೈ ಒಗ್ಗಿಸಿಕೊಂಡೇ ಮುಂದಕ್ಕೆ ಹೋಗಬೇಕು. ಅಮೆರಿಕದ ಐರನ್ ಬಟ್ ಅಸೋಸಿಯೇಷನ್ 24 ಗಂಟೆಯಲ್ಲಿ ಸಾವಿರ ಮೈಲಿ, ಅಂದರೆ ಸುಮಾರು 1,610 ಕಿ.ಮೀ. ಓಡಿಸಿದವರಿಗೆ ಪ್ರಮಾಣಪತ್ರ ಕೊಡುತ್ತದೆ. ಅಂಥವರ ಬಗ್ಗೆ ನನಗೆ ಗೌರವವಿದೆ. ಆದರೂ ಸೋಮವಾರ ಕೆಲಸಕ್ಕೆ ಹೋಗಬೇಕಾದ, ಮನೆಯಲ್ಲಿ ಪುಟ್ಟ ಮಕ್ಕಳಿರುವ ನಮ್ಮಂಥವರಿಗೆ ಅದನ್ನು ನಾನು ಹೇಳಲಾರೆ.

ಘಾಟಿಯಲ್ಲಿ

ತಿರುವಿಗೆ ಮೊದಲೇ ವೇಗ ಇಳಿಸಿ, ಗೇರು ಇಳಿಸಿ. ತಿರುವಿನೊಳಗೆ ಬ್ರೇಕ್ ಹಿಡಿಯುವ ಪ್ರಸಂಗ ಬಾರದಿರಲಿ. ಕಣ್ಣು ತಿರುವಿನ ಆಚೆ ತುದಿಯಲ್ಲಿರಲಿ. ಎದುರಿನ ಲಾರಿಯನ್ನೋ ತಡೆಗೋಡೆಯನ್ನೋ ನೋಡುತ್ತಾ ಹೋದರೆ ಗಾಡಿ ಅತ್ತಲೇ ಎಳೆಯುತ್ತದೆ. ಮುಚ್ಚಿದ ತಿರುವಿನಲ್ಲಿ ಹಾರ್ನ್ ಹಾಕಿ, ಎಡಕ್ಕೆ ಅಂಟಿಕೊಂಡಿರಿ. ಬಸ್ಸು, ಲಾರಿಗಳಿಗೆ ಹೇರ್‌ಪಿನ್ ತಿರುಗಿಸಲು ನಿಮ್ಮ ಪಾಲಿನ ರಸ್ತೆಯೂ ಬೇಕಾಗುತ್ತದೆ. ಮೇಲಿನಿಂದ ಬಸ್ಸು ಬರುವುದು ಕಂಡರೆ ತಿರುವಿಗೆ ಮೊದಲೇ ನಿಂತು ಅದನ್ನು ಬಿಡುವುದೇ ಜಾಣತನ. ಇಕ್ಕಟ್ಟಾದ ಕಡೆ ಏರಿ ಬರುವವರಿಗೆ ದಾರಿ ಬಿಡಬೇಕೆಂದು ಕಾನೂನೇ ಹೇಳುತ್ತದೆ, ಆದರೆ ತೂಕದ ಮುಂದೆ ಹಕ್ಕಿನ ಮಾತು ಬೇಡ.

ಇಳಿಯುವಾಗ ನ್ಯೂಟ್ರಲ್ ಮಾಡಿ ಪೆಟ್ರೋಲ್ ಉಳಿಸುವ ಅಭ್ಯಾಸ ನಮ್ಮಲ್ಲಿ ಬಹಳ ಹಳೆಯದು. ಬಿಡಿ ಅದನ್ನು. ಹತ್ತಲು ಬೇಕಾಗುವ ಗೇರಿನಲ್ಲೇ ಇಳಿಯಿರಿ, ಎಂಜಿನ್ನೇ ಗಾಡಿಯನ್ನು ಹಿಡಿದುಕೊಳ್ಳುತ್ತದೆ. ಉದ್ದಕ್ಕೂ ಬ್ರೇಕ್ ಒತ್ತಿಕೊಂಡೇ ಇಳಿದರೆ ಅದು ಕಾದು ಹಿಡಿತ ಕಡಿಮೆಯಾಗುತ್ತದೆ. ವೇಗದ ಲೆಕ್ಕ ಒಂದು ನೆನಪಿರಲಿ: 60ರಲ್ಲಿ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಹೋಗಿರುತ್ತೀರಿ, 80ರಲ್ಲಿ 22. ಬ್ರೇಕ್ ಹಿಡಿದಮೇಲೆ ನಿಲ್ಲಲು ಬೇಕಾಗುವ ದೂರ 80ರಲ್ಲಿ 60ಕ್ಕಿಂತ ಮುಕ್ಕಾಲು ಪಾಲು ಹೆಚ್ಚು.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗುಡ್ಡ ಕುಸಿದು ಘಾಟಿಗಳು ಮುಚ್ಚುವುದುಂಟು. ಹೊರಡುವ ಹಿಂದಿನ ಸಂಜೆ ಸುದ್ದಿ ನೋಡಿ. ಮೊದಲ ಮಳೆಯ ಮೊದಲ ಹದಿನೈದು–ಇಪ್ಪತ್ತು ನಿಮಿಷ ರಸ್ತೆ ಮೇಲಿನ ಎಣ್ಣೆ, ಧೂಳು ಸೇರಿ ಅತಿ ಹೆಚ್ಚು ಜಾರುತ್ತದೆ. ಎಲ್ಲಾದರೂ ನಿಂತು ಒಂದು ಕಾಫಿ ಕುಡಿಯಲು ಅದೇ ಸರಿಯಾದ ಹೊತ್ತು. ಮಂಜು ದಟ್ಟವಾದರೆ ಡಿಮ್ ಲೈಟಿನಲ್ಲೇ ಹೋಗಿ, ಹೈಬೀಮ್ ಹಾಕಿದರೆ ಬೆಳ್ಳಗಿನ ಗೋಡೆ ಕಾಣುತ್ತದೆ ಅಷ್ಟೆ.

ನಮ್ಮ ಕಡೆಯದೇ ಆದ ಎರಡು ಅಪಾಯಗಳು

ಒಂದು ಒಕ್ಕಣೆ. ಡಿಸೆಂಬರ್, ಜನವರಿಯಲ್ಲಿ ಹಳ್ಳಿ ರಸ್ತೆಯ ಮೇಲೆ ರಾಗಿ, ಹುರುಳಿ ಹರಡಿರುತ್ತಾರೆ. ಒಣಹುಲ್ಲಿನ ಮೇಲೆ ಬ್ರೇಕ್ ಹಿಡಿದರೆ ಎರಡು ಗಾಲಿಯ ಗಾಡಿ ನೆಲಕ್ಕೆ ಬೀಳುತ್ತದೆ. ದೂರದಿಂದಲೇ ನಿಧಾನ ಮಾಡಿ, ಬ್ರೇಕ್ ಮುಟ್ಟದೆ, ಹ್ಯಾಂಡಲ್ ತಿರುಗಿಸದೆ ನೇರ ದಾಟಿ. ಆಚೆ ಹೋಗಿ ನಿಂತು ಚೈನಿಗೆ, ಸೈಲೆನ್ಸರಿಗೆ ಹುಲ್ಲು ಸುತ್ತಿದೆಯೇ ನೋಡಿ. ಬಿಸಿ ಸೈಲೆನ್ಸರಿಗೆ ತಾಗಿದ ಹುಲ್ಲು ಹೊತ್ತಿಕೊಳ್ಳುತ್ತದೆ. ಶುಂಠಿ, ಆಲೂಗಡ್ಡೆ ಹೊಲದಿಂದ ಬಂದ ಟ್ರ್ಯಾಕ್ಟರ್ ಗಾಲಿಯ ಮಣ್ಣೂ ಮಳೆ ಬಿದ್ದಾಗ ಇಷ್ಟೇ ಅಪಾಯ.

ಇನ್ನೊಂದು ಆನೆ. ಆಲೂರು, ಸಕಲೇಶಪುರ, ಬೇಲೂರು ತಾಲ್ಲೂಕುಗಳಲ್ಲಿ ಕಾಡಾನೆಗಳು ತೋಟದಿಂದ ತೋಟಕ್ಕೆ ರಸ್ತೆ ದಾಟುತ್ತಲೇ ಇರುತ್ತವೆ. ಹೊತ್ತು ಮುಳುಗಿದ ಮೇಲೆ, ನಸುಕಿನಲ್ಲಿ ತೋಟದ ಒಳರಸ್ತೆಗಳು ಬೇಡವೇ ಬೇಡ. ಟೀ ಅಂಗಡಿಯಲ್ಲಿ "ಈ ಕಡೆ ಆನೆ ಇದ್ಯಾ ಅಣ್ಣ?" ಎಂದು ಕೇಳಿ. ಅವರಿಗೆ ಗೊತ್ತಿರುವಷ್ಟು ಯಾವ ಮ್ಯಾಪಿಗೂ ಗೊತ್ತಿರುವುದಿಲ್ಲ. ಎದುರಿಗೆ ಸಿಕ್ಕರೆ ದೂರದಲ್ಲೇ ನಿಲ್ಲಿ, ಹಾರ್ನ್ ಹಾಕಬೇಡಿ, ಫೋಟೋಗೆ ಕೈ ಹಾಕಬೇಡಿ, ಗಾಡಿ ತಿರುಗಿಸಿಕೊಂಡು ಬಂದ ದಾರಿಯಲ್ಲೇ ಹಿಂದಕ್ಕೆ ಹೋಗಿ.

ಏನಾದರೂ ಆದರೆ ತುರ್ತಿಗೆ 112, ಆಂಬುಲೆನ್ಸಿಗೆ 108, ರಾಷ್ಟ್ರೀಯ ಹೆದ್ದಾರಿಯಲ್ಲಿ 1033. ರಕ್ತದ ಗುಂಪು, ಮನೆಯ ನಂಬರು ಬರೆದ ಚೀಟಿಯನ್ನು ಹೆಲ್ಮೆಟ್‌ ಹೊರಗಡೆ ಅಂಟಿಸಿ. ಬೇರೆಯವರು ಬಿದ್ದಿದ್ದು ಕಂಡರೆ ನಿಲ್ಲಿ. ಸಹಾಯ ಮಾಡಿದವರನ್ನು ಕೇಸಿನಲ್ಲಿ ಸಿಕ್ಕಿಸದಂತೆ ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯಲ್ಲಿ ರಕ್ಷಣೆ ಕೊಟ್ಟಿದ್ದಾರೆ.

ಮನೆಯವರನ್ನೂ ಸೇರಿಸಿಕೊಳ್ಳುವುದು

ಹೆಂಡತಿ ಹಿಂದೆ ಕೂರುವುದಾದರೆ ಎಲ್ಲಿ ನಿಲ್ಲಿಸಬೇಕು ಎಂಬ ತೀರ್ಮಾನ ಅವರದು. ಹಿಂದಿನ ಸೀಟಿನಲ್ಲಿ ಕೂತವರಿಗೆ ರಸ್ತೆಯ ಹಂಪ್ಸ್ ಮೊದಲೇ ಕಾಣುವುದಿಲ್ಲ, ಪ್ರತಿ ಗುಂಡಿಯೂ ಬೆನ್ನಿಗೇ ಬಡಿಯುತ್ತದೆ. ಅವರಿಗೂ ನಿಮ್ಮಷ್ಟೇ ಒಳ್ಳೆಯ ಹೆಲ್ಮೆಟ್, ಜಾಕೆಟ್ ಕೊಡಿಸಿ. ಸೆರಗು, ದುಪಟ್ಟಾ ಗಾಲಿಗೆ ಸಿಗದಂಥ ಉಡುಪಿರಲಿ. ಹಿಂದಿನ ಸಸ್ಪೆನ್ಶನ್ ಒಂದೆರಡು ಮೆಟ್ಟಿಲು ಗಟ್ಟಿ ಮಾಡಿಸಿ. ದಿನದ ದೂರವನ್ನು ಒಬ್ಬರೇ ಹೋಗುವುದಕ್ಕಿಂತ ಮೂರನೇ ಒಂದು ಭಾಗ ಇಳಿಸಿ.

ನಾಲ್ಕು ವರ್ಷದೊಳಗಿನ ಮಗುವಿಗೆ ಹೆಲ್ಮೆಟ್, ಸವಾರನಿಗೆ ಕಟ್ಟುವ ಸುರಕ್ಷಾ ಬೆಲ್ಟು ಇರಬೇಕು, ವೇಗ 40 ಕಿ.ಮೀ. ಮೀರಬಾರದು ಎಂಬ ಕೇಂದ್ರದ ನಿಯಮವಿದೆ. ನಿಯಮ ಏನೇ ಇರಲಿ, ಸಣ್ಣ ಮಕ್ಕಳನ್ನು ಬೈಕಿನಲ್ಲಿ ಘಾಟಿಗೆ ಕರೆದೊಯ್ಯಬೇಡಿ ಎಂದೇ ಹೇಳುತ್ತೇನೆ. ಅದಕ್ಕಿಂತ ಚೆಂದದ ಉಪಾಯವಿದೆ. ಮನೆಯವರು ಹಾಸನದಲ್ಲಿ ಹಗಲಿನ ಮಂಗಳೂರು ರೈಲು ಹತ್ತಲಿ, ಸಾಧ್ಯವಾದರೆ ಗಾಜಿನ ಚಾವಣಿಯ ವಿಸ್ಟಾಡೋಮ್ ಬೋಗಿಯಲ್ಲಿ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗೆ 57 ಸುರಂಗಗಳನ್ನು ಮಕ್ಕಳು ಎಣಿಸುತ್ತಾ ಬರುತ್ತಾರೆ. ನೀವು ಶಿರಾಡಿ ಇಳಿದು ಗುಂಡ್ಯದ ಮೇಲೆ ಕುಕ್ಕೆಗೆ ಬನ್ನಿ. ರಾತ್ರಿ ಒಟ್ಟಿಗೆ ಕುಕ್ಕೆಯಲ್ಲಿ ತಂಗಿ, ದೇವರ ದರ್ಶನ ಮಾಡಿ. ಸವಾರಿಯೂ ಆಯಿತು, ಸಂಸಾರದ ಪ್ರವಾಸವೂ ಆಯಿತು. ನಿಮಗಿಂತ ಮೊದಲು ತಲುಪಿದ ಮಕ್ಕಳು "ಅಪ್ಪಾ, ಎಷ್ಟ್ ಲೇಟು!" ಎಂದು ಓಡಿ ಬರುವುದಕ್ಕೆ ಸಮನಾದ ಸ್ವಾಗತ ಇನ್ನೆಲ್ಲಿ?

ಬಂದ ಮೇಲೆ

ಮನೆ ತಲುಪಿದ ಮೇಲೆ ಸ್ನಾನ, ಊಟ, ಮನೆಯವರ ಜೊತೆ ಮಾತು. ಗಾಡಿ ಕೆಲಸ ಮರುದಿನಕ್ಕಿರಲಿ. ಮರುದಿನ ತೊಳೆದು, ಒಣಗಿಸಿ, ಚೈನಿಗೆ ಲ್ಯೂಬ್ ಹಾಕಿ. ರೇನ್‌ಕೋಟು, ಕೈಗವಸು, ಹೆಲ್ಮೆಟ್ಟಿನ ಒಳಬಟ್ಟೆಯನ್ನು ನೆರಳಲ್ಲಿ ಒಣಹಾಕಿ. ಟೈರಿಗೆ ಮೊಳೆ, ಗಾಜು ಚುಚ್ಚಿದೆಯೇ ನೋಡಿ. ಹಾಕಿದ ಪೆಟ್ರೋಲು, ಓಡಿದ ದೂರ, ಖರ್ಚು, ಗಾಡಿ ಎಲ್ಲಿ ಸದ್ದು ಮಾಡಿತು ಎಂಬುದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಮೆಕ್ಯಾನಿಕ್ಕಿಗೆ ತೋರಿಸಲು ಇದಕ್ಕಿಂತ ಒಳ್ಳೆಯ ಕಾಗದ ಇಲ್ಲ. ಬಳಸಿದ ಪಂಚರ್ ಪ್ಯಾಚು, ಫ್ಯೂಸು, ಟ್ಯೂಬುಗಳಿಗೆ ಬದಲಿ ಆ ವಾರವೇ ತಂದು ಬ್ಯಾಗಿಗೆ ಹಾಕಿ. ಮುಂದಿನ ಭಾನುವಾರ ಹೆಂಡತಿಯದು, ಬೆಳಿಗ್ಗೆ ತಿಂಡಿ ಏನು ಮಾಡುತ್ತೀರಿ ಎಂದು ಶನಿವಾರವೇ ಯೋಚಿಸಿಟ್ಟುಕೊಳ್ಳಿ.